ತಂದೆಯವರ ಕ್ಷೌರದ ಕತ್ತಿ

ಕಳೆದ ಯುಗಾದಿಗೆ ಊರಿಗೆ ಬಂದಿದ್ದ ನಮ್ಮ ತಮ್ಮನ ಮಗನು ಊಟದ ತರುವಾಯ ನಮ್ಮ ಕೋಣೆಗೆ ಬಂದು, "ದೊಡ್ಡಪ್ಪಾರ, ಅಜ್ಜಾರ ಕತ್ತಿ ನನಗ ಕೊಡ್ರಿ" ಎಂದು ಕೇಳಿದನು. ಅವನಿಗೆ ಇಪ್ಪತ್ತನಾಲ್ಕರ ಹರೆಯ. ಕೇಳಿದ್ದು ಮುಖಕ್ಷೌರದ ಮಡಿಸುವ ಕತ್ತಿಯನ್ನು. ಒಮ್ಮೆ ಬಳಸಿ ಬಿಸುಡುವ ಪ್ಲಾಸ್ಟಿಕ್ ರೇಜರುಗಳಿಂದ ಬೇಸತ್ತ ತರುಣರು ಕೆಲವರು ಈಗ ಈ ಹಳೆಯ ಉಪಕರಣದ ಕಡೆಗೆ ಮರಳುತ್ತಿರುವರಂತೆ. ಸಂತೋಷವೇ ಸರಿ. ಆದರೂ ನಾವು ಕೂಡಲೇ ಹೂಂಗುಟ್ಟಲಿಲ್ಲ. ಏಕೆಂಬುದನ್ನು ಓದುಗ ಬಂಧುಗಳೆದುರು ಅರಿಕೆ ಮಾಡುವುದು ಲೇಸು. ಎಷ್ಟೋ ಮನೆಗಳ ಟ್ರಂಕುಗಳಲ್ಲಿ ಇಂಥದೊಂದು ಕತ್ತಿ ಇನ್ನೂ ಮಲಗಿರಬಹುದು.

ನಮ್ಮ ತಂದೆಯವರು ಹಳ್ಳಿಯ ಶಾಲೆಯ ಮಾಸ್ತರರು. ದಿನವೂ ಬೆಳಗಿನಲ್ಲಿ ಕಿಟಕಿಯ ಸರಳಿಗೆ ಚರ್ಮದ ಪಟ್ಟಿಯನ್ನು ಸಿಕ್ಕಿಸಿ, ಎಡಗೈಯಿಂದ ಬಿಗಿಯಾಗಿ ಎಳೆದು, ಬಲಗೈಯಲ್ಲಿ ಕತ್ತಿಯನ್ನು ಅತ್ತಿಂದಿತ್ತ ಉಜ್ಜುತ್ತಿದ್ದರು. ಆ ಸಪ್ಪಳವೇ ನಮಗೆಲ್ಲ ಏಳುವ ಹೊತ್ತಿನ ಗುರುತು. 1998ರಲ್ಲಿ, ಅವರ ಕೊನೆಯ ತಿಂಗಳುಗಳಲ್ಲಿ, ಬಲಗೈ ಸ್ವಾಧೀನ ತಪ್ಪಿತು. ಒಂದು ದಿನ ಅವರು ಕತ್ತಿಯ ಪೆಟ್ಟಿಗೆಯನ್ನು ಎಡಗೈಯಿಂದ ನಮ್ಮತ್ತ ಸರಿಸಿದರು. ಶಾಸ್ತ್ರಗ್ರಂಥಗಳನ್ನು ಓದಿದ ನಮಗೆ ತಂದೆಯ ಗಲ್ಲದ ಮೇಲೆ ಕತ್ತಿಯಿಡುವ ಧೈರ್ಯ ಬರಲಿಲ್ಲ. ಕ್ಷೌರಿಕರನ್ನು ಕರೆಸಿದೆವು. ಅವರು ಒಂದು ಮಾತನ್ನೂ ಆಡಲಿಲ್ಲ. ಆ ಪೆಟ್ಟಿಗೆಯನ್ನು ಮಾತ್ರ ನಾವು ಬಹುಕಾಲ ತೆರೆಯಲಾರದೆ ಹೋದೆವು.

ಕತ್ತಿಯ ಅಲಗಿನ ಬುಡದಲ್ಲಿ 'ಶೆಫೀಲ್ಡ್, ಇಂಗ್ಲೆಂಡ್' ಎಂಬ ಮುದ್ರೆಯಿದೆ. ಶೆಫೀಲ್ಡ್ ನಗರವು ಕತ್ತಿ-ಚೂರಿಗಳ ಕಸುಬಿಗೆ ಬಹುಕಾಲದಿಂದ ಹೆಸರಾದುದು. 1740ರ ದಶಕದಲ್ಲಿ ಗಡಿಯಾರ ತಯಾರಕ ಬೆಂಜಮಿನ್ ಹಂಟ್ಸ್‌ಮನ್ ಎಂಬಾತನು ಅಲ್ಲಿ ಉಕ್ಕನ್ನು ಮೂಸೆಯಲ್ಲಿ ಕರಗಿಸಿ ಏಕರಸವಾಗಿಸುವ ವಿಧಾನವನ್ನು ರೂಢಿಗೆ ತಂದ ಮೇಲೆ ಆ ಊರಿನ ಅಲಗುಗಳ ಕೀರ್ತಿ ಬೆಳೆಯಿತು. ಜರ್ಮನಿಯ ಜೋಲಿಂಗೆನ್ ನಗರವು ಅದಕ್ಕೆ ಸರಿಜೋಡಿ. ಆ ಊರಿನ ಹೆಸರನ್ನು ಅಲಗಿನ ಮೇಲೆ ಯಾರು ಒತ್ತಬಹುದೆಂಬುದಕ್ಕೆ 1938ರಿಂದಲೇ ಕಾನೂನಿದೆ. ಅಮೆರಿಕೆಯು ಆಮದಿನ ಸರಕಿನ ಮೇಲೆ ದೇಶದ ಹೆಸರಿರಬೇಕೆಂಬ ನಿಯಮವನ್ನು 1891ರಿಂದ ಜಾರಿಗೊಳಿಸಿದುದರಿಂದ, ದೇಶನಾಮವುಳ್ಳ ಕತ್ತಿಯು ಬಹುಮಟ್ಟಿಗೆ ಆ ತರುವಾಯದ್ದು. ಹಳೆಯ ಅಲಗುಗಳು ಬೆಣೆಯಂತೆ ದಪ್ಪ. 19ನೆಯ ಶತಮಾನದ ಉತ್ತರಾರ್ಧದಿಂದ ಎರಡೂ ಪಕ್ಕಗಳನ್ನು ಒಳಬಾಗಿಸಿ ತೆಳುವಾಗಿಸಿದ ಅಲಗುಗಳು ಹೆಚ್ಚಿದವು. 1904ರಲ್ಲಿ ಕಿಂಗ್ ಕ್ಯಾಂಪ್ ಜಿಲೆಟ್ ಎಂಬಾತನ ಬ್ಲೇಡು ಬದಲಿಸುವ ರೇಜರಿಗೆ ಅಮೆರಿಕೆಯಲ್ಲಿ ಪೇಟೆಂಟ್ ದೊರೆಯಿತು. ಮೊದಲ ಮಹಾಯುದ್ಧದಲ್ಲಿ ಅದು ಸೈನಿಕರ ಕೈಸೇರಿದ ಬಳಿಕ ಮಡಿಸುಗತ್ತಿಯು ಮನೆಗಳಿಂದ ಮೆಲ್ಲನೆ ಮರೆಯಾಯಿತು.

ಇನ್ನು ನಮ್ಮ ತಪ್ಪಿನ ಕಥೆ. ತಂದೆಯವರು ಲಿಂಗೈಕ್ಯರಾದ ಮರುವರ್ಷ ಪೆಟ್ಟಿಗೆ ತೆರೆದೆವು. ಅಲಗು ತುಕ್ಕು ಹಿಡಿದು ಮೊಂಡಾಗಿತ್ತು. ಪಶ್ಚಾತ್ತಾಪವೋ ಅವಸರವೋ, ಅದೇ ದಿನ ಸಂತೆಗೆ ಒಯ್ದು, ಸಾಣೆ ಹಿಡಿಯುವವನೊಬ್ಬನ ಚಕ್ರಕ್ಕೆ ಕೊಟ್ಟೆವು. ನೀರಿಲ್ಲದೆ ತಿರುಗುವ ಚಕ್ರಕ್ಕೆ ತಗುಲಿ ಕಿಡಿ ಹಾರಿತು. ತುದಿಯ ಅರ್ಧ ಅಂಗುಲ ನೀಲಿ ಬಣ್ಣಕ್ಕೆ ತಿರುಗಿತು. ಕಿಡಿಯನ್ನು ಕಂಡು ನಾವು ಹರಿತವಾಯಿತೆಂದು ಹಿಗ್ಗಿದೆವು! ನಮ್ಮ ಓಣಿಯ ಹಿರಿಯ ಕ್ಷೌರಿಕರು ಅದನ್ನು ನೋಡಿ, "ಸರ, ಉಕ್ಕು ಬೆಂದೈತ್ರಿ. ಇಷ್ಟು ತುದಿ ಇನ್ನ ಬರಂಗಿಲ್ರಿ" ಎಂದರು. ಉಕ್ಕು ನೀಲಿಯಾಗುವಷ್ಟು ಕಾದರೆ ಅದಕ್ಕೆ ಕೊಟ್ಟ ಹದವು ಅಳಿದು ಮೆತ್ತಗಾಗುತ್ತದೆ. ಅಲ್ಲಿ ಹರಿತವು ನಿಲ್ಲದು. ಐವತ್ತು ವರ್ಷ ತಂದೆಯವರು ಕಾಪಾಡಿದ್ದನ್ನು ನಾವು ಅರೆಗಳಿಗೆಯಲ್ಲಿ ಕೆಡಿಸಿದ್ದೆವು.

ಉಳಿದ ಅಲಗನ್ನು ಮಸೆಯುವುದನ್ನು ಆ ಹಿರಿಯರೇ ನಮಗೆ ಕಲಿಸಿದರು. ಕ್ಷೌರದ ಕತ್ತಿಗೆ ಬೆನ್ನೇ ಅಳತೆಗೋಲು. ಅಲಗನ್ನು ಕಲ್ಲಿನ ಮೇಲೆ ಚಪ್ಪಟೆಯಾಗಿಟ್ಟರೆ ಬೆನ್ನೂ ಬಾಯಿಯೂ ಏಕಕಾಲಕ್ಕೆ ಕಲ್ಲನ್ನು ಮುಟ್ಟಬೇಕು. ಕೋನವು ತಾನಾಗಿಯೇ ದೊರೆಯುತ್ತದೆ. "ಬೆನ್ನು ಎತ್ತಬ್ಯಾಡ್ರಿ, ಒತ್ತಬ್ಯಾಡ್ರಿ" ಎಂಬುದೇ ಅವರ ಸೂತ್ರ. ಕಲ್ಲಿನ ಮೇಲೆ ಬಾಯಿ ಮುಂದಾಗಿ ಸಾಗಬೇಕು. ಕೊನೆಗೆ ಬೆನ್ನಿನ ಮೇಲೆ ಮಗುಚಿ ಹಿಂದಿರುಗಬೇಕು. ಕಲ್ಲು ಸಮತಟ್ಟಾಗಿರಬೇಕು, ಅದರ ಮೇಲೆ ಸದಾ ನೀರಿರಬೇಕು. ಈಗ ದೊರೆಯುವ ಕಲ್ಲುಗಳಲ್ಲಿ, ಬಾಯಿ ಮುಕ್ಕಾಗಿದ್ದರೆ ಅಥವಾ ಪೂರಾ ಮೊಂಡಾಗಿದ್ದರೆ ಮಾತ್ರ 1000 ಗ್ರಿಟ್ಟಿನಿಂದ ಆರಂಭ. ಬಳಿಕ 4000 ಅಥವಾ 5000, ಆಮೇಲೆ 8000, ಕೊನೆಗೆ 12000. ಬುಡದಿಂದ ತುದಿಯವರೆಗೆ ಎರಡೂ ಮಗ್ಗುಲು ಕೂಡಿ ಹರಿತದ ಗೆರೆಯಾಗುವವರೆಗೆ ಮೊದಲ ಕಲ್ಲನ್ನು ಬಿಡಬಾರದು. ಅಲ್ಲಿ ಉಳಿದ ಕೊರತೆಯನ್ನು ನಯವಾದ ಕಲ್ಲು ತುಂಬಲಾರದು. ಹಿಂದಿನವರು ಪ್ರಕೃತಿದತ್ತ ಕಲ್ಲುಗಳನ್ನು ಬಳಸುತ್ತಿದ್ದರು. ಬೆಲ್ಜಿಯಮ್ಮಿನ ಆರ್ಡೆನ್ಸ್ ಸೀಮೆಯ ಹಳದಿ ಕಲ್ಲು ಅವುಗಳಲ್ಲಿ ಪ್ರಸಿದ್ಧ.

ಕಲ್ಲಿನ ಕೆಲಸ ತಿಂಗಳುಗಳಿಗೊಮ್ಮೆ. ಪಟ್ಟಿಯ ಕೆಲಸ ಪ್ರತಿದಿನ. ಮೊದಲು ಬಟ್ಟೆಯ ಪಟ್ಟಿ, ಬಳಿಕ ಚರ್ಮದ ಪಟ್ಟಿ; ಚರ್ಮದ ಮೇಲೆ ನಲವತ್ತು-ಐವತ್ತು ಸಲ. ಇಲ್ಲಿ ಕ್ರಮ ತಿರುಗುಮುರುಗು: ಬೆನ್ನು ಮುಂದೆ, ಬಾಯಿ ಹಿಂದೆ. ಮರೆತರೆ ಪಟ್ಟಿಯೂ ಸೀಳುವುದು, ಹರಿತವೂ ಹೋಗುವುದು. ಪಟ್ಟಿ ಜೋತುಬಿದ್ದರೆ ಬಾಯಿ ದುಂಡಾಗುತ್ತದೆ. ಕಿಟಕಿಯ ಬಳಿ ನಿಂತು ತಂದೆಯವರು ಅಷ್ಟು ಬಿಗಿಯಾಗಿ ಏಕೆ ಎಳೆಯುತ್ತಿದ್ದರೆಂದು ನಮಗೆ ಆಗ ತಿಳಿಯಿತು.

ಹಳೆಯ ಕತ್ತಿಯನ್ನು ಕೊಳ್ಳುವವರು ಹೊಳಪಿಗೆ ಮರುಳಾಗದಿರಲಿ. ಅಲಗಿನಲ್ಲಿ ಬಿರುಕಿದ್ದರೆ ಅದು ನಿರುಪಯೋಗಿ. ಬೆನ್ನ ಬಳಿಯ ತುಕ್ಕು ಸಹ್ಯ. ಬಾಯಿಯಂಚಿನಲ್ಲಿ ತುಕ್ಕು ಕುಳಿಗಳಾಗಿ ಇಳಿದಿದ್ದರೆ ಅಲ್ಲ. ಬೆನ್ನು ಒಂದೆಡೆ ಸವೆದಿದ್ದರೆ ಕೋನವು ಕೆಟ್ಟಿದೆಯೆಂದು ತಿಳಿಯಬೇಕು. ಹಳೆಯ ಸೆಲ್ಯುಲಾಯ್ಡ್ ಹಿಡಿಗಳು ಕೊಳೆತು ಹೊರಸೂಸುವ ಅನಿಲವೇ ಅಲಗಿಗೆ ತುಕ್ಕು ಹಿಡಿಸುತ್ತದೆ. ಆನೆದಂತದ ಹಿಡಿಯಿದ್ದರೆ ಕೊಳ್ಳಲೇಬೇಡಿ. ಅದರ ವ್ಯಾಪಾರ ನಮ್ಮ ದೇಶದಲ್ಲಿ ಅಪರಾಧ. ಬೇರೊಬ್ಬರು ಬಳಸಿದ ಕತ್ತಿಯನ್ನು ಸೋಂಕುನಿವಾರಕದಿಂದ ಶುದ್ಧಗೊಳಿಸದೆ ಮುಖಕ್ಕೆ ತಾಗಿಸಬಾರದು. ಇಬ್ಬರು ಒಂದೇ ಕತ್ತಿಯನ್ನು ಬಳಸಬಾರದು.

ಕ್ಷೌರದ ವಿಧಾನವೂ ಅವಸರವನ್ನು ಸಹಿಸದು. ಸ್ನಾನದ ಬಳಿಕ, ಬಿಸಿನೀರಿನಿಂದ ಗಡ್ಡವು ನೆನೆದು ಮೆತ್ತಗಾದಾಗ ಬ್ರಶ್ಶಿನಿಂದ ನೊರೆಯನ್ನು ಹಚ್ಚಬೇಕು. ಒಂದು ಕೈ ಚರ್ಮವನ್ನು ಬಿಗಿದಿರಲಿ. ಇನ್ನೊಂದು ಕೈಯಲ್ಲಿ ಕತ್ತಿಯನ್ನು ಚರ್ಮಕ್ಕೆ ಸುಮಾರು 30 ಡಿಗ್ರಿ ಓರೆಯಾಗಿ ಹಿಡಿದು, ಕೂದಲು ಬೆಳೆದ ದಿಕ್ಕಿನಲ್ಲೇ ಗಿಡ್ಡಗಿಡ್ಡಾಗಿ ಎಳೆಯಬೇಕು. ಅಲಗನ್ನು ಅದರ ಉದ್ದಕ್ಕೆ ಅಡ್ಡ ಜಾರಿಸಿದರೆ ಗಾಯ ನಿಶ್ಚಿತ. ಮೊದಲ ಎರಡು ವಾರ ಗಲ್ಲಗಳಷ್ಟೇ ಸಾಕು; ಗದ್ದ, ಮೇಲ್ದುಟಿ, ಕೊರಳುಗಳನ್ನು ಸಾಧಾರಣ ರೇಜರಿಗೆ ಬಿಡಿ. ಕತ್ತಿ ಕೈಜಾರಿದರೆ ಹಿಡಿಯಹೋಗದೆ ಹಿಂದೆ ಸರಿಯಿರಿ. ರಕ್ತವನ್ನು ತೆಳುಗೊಳಿಸುವ ಔಷಧ ಸೇವಿಸುವವರೂ ಕೈನಡುಕವುಳ್ಳವರೂ ಈ ಸಾಹಸಕ್ಕೆ ಇಳಿಯದಿರುವುದು ವಿಹಿತ. ಮುಗಿದ ಮೇಲೆ ಮುಖಕ್ಕೆ ತಣ್ಣೀರು, ಪಟಿಕ. ಅಲಗನ್ನು ಒರೆಸಿ ಒಣಗಿಸಿ, ಮಳೆಗಾಲದಲ್ಲಿ ಹೊಲಿಗೆ ಯಂತ್ರದ ಎಣ್ಣೆಯನ್ನು ಲೇಪಿಸಿಡಿ.

ಕೂದಲಿಗೆ ಇಷ್ಟೆಲ್ಲ ಉಪಚಾರವೇ ಎಂದು ಕೇಳುವವರಿರಬಹುದು. ಅಮೆರಿಕೆಯ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯ ವಿಜ್ಞಾನಿಗಳು ಇದನ್ನೇ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದರು. ಕೂದಲು ಉಕ್ಕಿಗಿಂತ ಸುಮಾರು 50 ಪಾಲು ಮೆದುವಾಗಿದ್ದರೂ, ಅದು ಬಾಗಿ ಅಲಗಿನ ದುರ್ಬಲವಾದ ಎಡೆಗೆ ಓರೆಯಾಗಿ ಒತ್ತಿದಾಗ ಉಕ್ಕಿನ ಬಾಯಿಯೇ ಚಕ್ಕೆಯೇಳುತ್ತದೆಯಂತೆ.

ಇಷ್ಟನ್ನೂ ಹೇಳಿ, ಹುಡುಗನಿಗೆ ಒಂದು ಷರತ್ತನ್ನು ವಿಧಿಸಿದೆವು: ಮಸೆಯುವುದನ್ನೂ ಕ್ಷೌರವನ್ನೂ ಒಟ್ಟಿಗೆ ಕಲಿಯಕೂಡದು. ಬಲ್ಲವರು ಹರಿತಗೊಳಿಸಿಕೊಟ್ಟ ಬೇರೊಂದು ಕತ್ತಿಯಿಂದ ಮೊದಲು ಕೈ ಪಳಗಲಿ. ಹರಿತವೆಂದರೆ ಏನೆಂದು ಗಲ್ಲಕ್ಕೆ ತಿಳಿಯದೆ ಕಲ್ಲಿನ ಮೇಲೆ ಅದನ್ನು ಹುಡುಕುವುದು ಹೇಗೆ? ಮಸೆಯುವ ಅಭ್ಯಾಸಕ್ಕೆ ಸಂತೆಯ ಅಗ್ಗದ ಹಳೆಯ ಅಲಗೊಂದು ಸಾಕು. ಅವನು ಒಪ್ಪಿದನು. ಹೊರಡುವ ದಿನ ನೀಲಿಯಾದ ತುದಿಯನ್ನು ತೋರಿಸಿ, ಅದು ಹೀಗಾದುದು ನಮ್ಮಿಂದಲೇ ಎಂದು ಹೇಳಿ ಪೆಟ್ಟಿಗೆಯನ್ನು ಅವನ ಕೈಗಿತ್ತೆವು. ಕಿಟಕಿಯ ಬಳಿ ನಮ್ಮತ್ತ ಸರಿದು ಬಂದಿದ್ದ ಪೆಟ್ಟಿಗೆಯ ಕಥೆಯನ್ನೂ ಅಂದೇ ಮೊದಲ ಬಾರಿಗೆ ಹೇಳಿದೆವು.

ಓದುಗರಲ್ಲಿ ಒಂದೇ ಬಿನ್ನಹ. ನಿಮ್ಮ ಮನೆಯಲ್ಲಿ ಕೈ ಸೋತ ಹಿರಿಯರಿದ್ದರೆ ಅವರ ಮುಖಕ್ಷೌರವನ್ನು ನೀವೇ ಮಾಡಿರಿ. ಅದಕ್ಕೆ ಶೆಫೀಲ್ಡಿನ ಕತ್ತಿ ಬೇಡ. ಹೊಸ ಬ್ಲೇಡಿನ ಸಾಧಾರಣ ರೇಜರು, ಒಂದು ತಂಬಿಗೆ ಬಿಸಿನೀರು, ಅರ್ಧ ಗಂಟೆಯ ಬಿಡುವು ಸಾಕು. ಸಂಕೋಚಪಟ್ಟು ನಾಳೆಗೆ ತಳ್ಳಬೇಡಿ.