ಅಡ್ಮಿನ್ ಮಹಾಶಯರಲ್ಲಿ ಒಂದು ತಕರಾರು

ಹರಟೆಗೂ ಒಂದು ಮರ್ಯಾದೆಯಿದೆ. ಉರ್ದುವಿನಲ್ಲಿ ಅದನ್ನು ಮಹಫಿಲಿನ ಅದಬ್ ಎನ್ನುತ್ತಾರೆ. ನಮ್ಮ ಜಗಲಿಕಟ್ಟೆಗಳಲ್ಲಿ ಅದಕ್ಕೆ ಹೆಸರಿರಲಿಲ್ಲ. ಆದರೆ ಮಾತು ಮೀರಿದವನನ್ನು 'ಸಾಕು, ಏಳಯ್ಯ' ಎಂದು ಎಬ್ಬಿಸುವ ಹಿರಿಯರೊಬ್ಬರು ಇರುತ್ತಿದ್ದರು.

ಕಂಪ್ಯೂಟರಿನಲ್ಲಿ ಹರಟೆಯ ಕೋಣೆ ಕಟ್ಟಿದವರಿಗೂ ಇಂಥ ಹಿರಿಯರ ಅಗತ್ಯ ಗೊತ್ತಿತ್ತು. ಫಿನ್ಲೆಂಡಿನ ಔಲು ವಿಶ್ವವಿದ್ಯಾಲಯದಲ್ಲಿ 1988ರಲ್ಲಿ ಹುಟ್ಟಿದ ಐಆರ್‌ಸಿಯಲ್ಲಿ ಕೋಣೆಯನ್ನು ಮೊದಲು ತೆರೆದವನೇ ಅದರ ಆಪರೇಟರ್. ಕೆಟ್ಟದಾಗಿ ನಡೆದುಕೊಂಡವನನ್ನು ಹೊರದಬ್ಬುವುದು, ಮತ್ತೆ ಬಾರದಂತೆ ತಡೆಯುವುದು ಅವನ ಹೊಣೆ. 1995ರಲ್ಲಿ ಇಂಟೆಲ್ ಕಂಪೆನಿಯ ಸ್ಯಾಲಿ ಹ್ಯಾಂಬ್ರಿಜ್ ಅಂತರ್ಜಾಲದ ನಡವಳಿಕೆಗೆಂದೇ ಒಂದು ಕೈಪಿಡಿ ಬರೆದರು. ಹೊಸ ಕೋಣೆಗೆ ಹೋದರೆ ಮೊದಲು ಸುಮ್ಮನೆ ಕೇಳಿಸಿಕೊಳ್ಳಿ, ಎಲ್ಲರಿಗೂ ಸೇರಿ ಒಂದು ನಮಸ್ಕಾರ ಸಾಕು, ಅಪರಿಚಿತರ ವಯಸ್ಸು, ಲಿಂಗ, ಊರು ಕೆದಕಬೇಡಿ ಎಂಬ ಬುದ್ಧಿಮಾತು ಅದರಲ್ಲಿದೆ. ನಮ್ಮ ಸೈಬರ್ ಕೆಫೆಗಳ ಕಾಲದಲ್ಲಿ ಯಾಹೂ ಕೋಣೆಗೆ ಕಾಲಿಟ್ಟವರಿಗೆ ಎದುರಾಗುತ್ತಿದ್ದ ಮೊದಲ ಪ್ರಶ್ನೆಯೇ ಆ ಮೂರು! ಹೆಣ್ಣಿನ ಹೆಸರು ಕಂಡರಂತೂ ಮುಗಿಯಿತು. ಆ ಕೋಣೆಗಳು 2012ರಲ್ಲಿ ಮುಚ್ಚಿದವು. ಅದಕ್ಕಾಗಿ ನಾವೇನೂ ಅಳಲಿಲ್ಲ.

ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಬರೆದರೆ ಕಿರುಚಿದಂತೆ ಎಂಬ ನಿಯಮವೂ ಆ ಕೈಪಿಡಿಯಲ್ಲಿತ್ತು. ಕನ್ನಡಕ್ಕೆ ದೊಡ್ಡಕ್ಷರವಿಲ್ಲ, ಉರ್ದುವಿಗೂ ಇಲ್ಲ. ನಾವು ಕಿರುಚುವುದು ಫಾರ್ವರ್ಡ್‌ಗಳ ಮೂಲಕ.

ಆ ಕಿರುಚಾಟಕ್ಕೆ ಎಷ್ಟು ಬೆಲೆ ತೆರಬೇಕೆಂದು ಬೀದರ್ ಜಿಲ್ಲೆ ನೋಡಿದೆ. 2018ರ ಜುಲೈನಲ್ಲಿ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿ ನಂಬಿದ ಜನ ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬನನ್ನು ಹೊಡೆದು ಕೊಂದರು. ಅದೇ ತಿಂಗಳು, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಫಾರ್ವರ್ಡ್ ಮಾಡಬಹುದೆಂಬ ಮಿತಿಯನ್ನು ವಾಟ್ಸ್‌ಆ್ಯಪ್ ಘೋಷಿಸಿತು. ಕಂಪೆನಿ ಎಣಿಕೆ ಹಾಕಿತು, ಸರಿ. ಆದರೆ ಗ್ರೂಪಿನ ಯಜಮಾನ?

ಕೇಳಿದರೆ ಉತ್ತರ ಸಿದ್ಧ: 'ಯಾರೋ ಹಾಕಿದ್ದಕ್ಕೆ ನಾನೇನು ಮಾಡಲಿ?' ಸದಸ್ಯರ ಪೋಸ್ಟಿಗೆ ಅಡ್ಮಿನ್ ಹೊಣೆಯಲ್ಲವೆಂದು 2022ರಲ್ಲಿ ಕೇರಳ ಹೈಕೋರ್ಟ್ ಹೇಳಿದ್ದು ನಿಜ. ಅದು ಕಾನೂನಿನ ಮಾತು. ಅದರ ಬಗ್ಗೆ ನಮ್ಮ ತಕರಾರಿಲ್ಲ. ಮದುವೆಯ ಫೋಟೋ ಕೆಳಗೆ ವಿಷ ಹರಿಯುತ್ತಿರುವಾಗ, ಆ ವಿಷ ಯಾರ ಮೇಲೋ ಅವರೂ ಅದೇ ಗ್ರೂಪಿನಲ್ಲಿ ಉಸಿರು ಬಿಗಿಹಿಡಿದು ಕೂತಿರುವಾಗ, 'ದಯವಿಟ್ಟು ರಾಜಕೀಯ ಬೇಡ' ಎಂದು ಬೈದವನಿಗೂ ಬೈಸಿಕೊಂಡವನಿಗೂ ಒಂದೇ ಕೈಮುಗಿಯುವ ಚಿತ್ರ ಹಾಕುತ್ತಾರಲ್ಲ, ಅದು ನಮ್ಮ ತಕರಾರು. ಇದನ್ನು ಅವರು ಸೌಜನ್ಯ ಎನ್ನುತ್ತಾರೆ. ನಾವು ಪುಕ್ಕಲುತನ ಎನ್ನುತ್ತೇವೆ. ನಮ್ಮ ಮೊಹಲ್ಲಾದ ಗ್ರೂಪುಗಳೂ ಇದಕ್ಕೆ ಹೊರತಲ್ಲ.

ಬೇರೆಯವರ ಸಂದೇಶವನ್ನು ಎಲ್ಲರ ಫೋನಿನಿಂದ ಅಳಿಸುವ ಗುಂಡಿ ಈಗ ಅಡ್ಮಿನ್ ಕೈಯಲ್ಲೇ ಇದೆ. ಸದಸ್ಯನನ್ನು ಹೊರಹಾಕುವ ಗುಂಡಿಯಂತೂ ಮೊದಲಿನಿಂದಲೂ ಇದೆ. ಮಾವನ ಮಗನೆಂದೋ, ಹಳೆಯ ಸಹಪಾಠಿಯೆಂದೋ ಅದನ್ನು ಒತ್ತಲು ಕೈಬಾರದವರು ಅಡ್ಮಿನ್ ಪಟ್ಟವನ್ನು ಇನ್ನೊಬ್ಬರಿಗೆ ಬಿಟ್ಟುಕೊಡಲಿ.