ಅಳಲೆಕಾಯಿ ಪಂಡಿತನೂ ಸರಕಾರದ ಪಟ್ಟಿಯೂ

ಕನ್ನಡದಲ್ಲಿ ‘ಅಳಲೆಕಾಯಿ ಪಂಡಿತ’ ಎಂಬ ಬಿರುದು ಯಾರಿಗೂ ಬೇಕಾದುದಲ್ಲ. ಬಂದ ರೋಗಿಗೆಲ್ಲ ಒಂದೇ ಕಾಯಿಯನ್ನು ತೇಯ್ದು ಕೊಡುವವನು, ಓದದೆ ಪಂಡಿತನಾದವನು ಎಂಬ ಅಣಕ ಅದರಲ್ಲಿದೆ. ಅಳಲೆಕಾಯಿಯ ಪಾಲಿಗೆ ಇದು ಅನ್ಯಾಯವೇ ಸರಿ. ತ್ರಿಫಲದ ಮೂರರಲ್ಲಿ ಒಂದಾದ ಅದನ್ನು ವೈದ್ಯಗ್ರಂಥಗಳು ತಾಯಿಗೆ ಹೋಲಿಸಿ ಕೊಂಡಾಡಿವೆ. ಪಂಡಿತನ ಪಾಲಿಗೆ ಇದು ನ್ಯಾಯವೋ ಅನ್ಯಾಯವೋ ಎಂಬುದನ್ನು ಮಾತ್ರ ಅಷ್ಟು ಬೇಗನೆ ತೀರ್ಮಾನಿಸಲಾಗದು. ಕಾಯಿದೆಯು ತೀರ್ಮಾನಿಸಿದೆ. ಆ ತೀರ್ಮಾನ ಹೇಗೆ ಬಂತು, ಅದರಲ್ಲಿ ಎಷ್ಟು ಹುರುಳಿದೆ ಎಂಬುದನ್ನು ನೋಡಬೇಕಾದರೆ ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡಗಳ ಸೀಮೆ ತಕ್ಕ ಸ್ಥಳ.

ಇದು ಎರೆಯ ನೆಲ. ಜೋಳ, ಕಡಲೆ, ಹತ್ತಿಗಳ ನಾಡು. ಗಜೇಂದ್ರಗಡದ ಬಳಿ ಮಾತ್ರ ಬಯಲು ಮುಗಿದು ಗುಡ್ಡ ಏಳುತ್ತದೆ. ಇಲ್ಲಿಯ ಹಳ್ಳಿಗಳಲ್ಲಿ ವಿಚಾರಿಸಿದರೆ ಕಾಮಣಿಗೆ ಔಷಧ ಕೊಡುವ ಮನೆ ಯಾವುದು, ಎಲುಬು ಕಟ್ಟುವ ಮನೆ ಯಾವುದು ಎಂದು ಹುಡುಗರು ಕೂಡ ತೋರಿಸಿಯಾರು. ಔಷಧಕ್ಕೆ ‘ಗಾಂವಠಿ’ ಎಂದು ಹೆಸರು. ಅದನ್ನು ಕೊಡಲು ವಾರ ಗೊತ್ತಿರುತ್ತದೆ, ಪಥ್ಯ ಗೊತ್ತಿರುತ್ತದೆ. ಬೇರಿನ ಹೆಸರು ಮಾತ್ರ ಗೊತ್ತಿರುವುದಿಲ್ಲ. ಹೆಸರು ಹೇಳಿದರೆ ಗುಣ ಕೆಡುತ್ತದೆಂದು ನಂಬಿಕೆ. ತಂದೆಯಿಂದ ಮಗನಿಗೆ, ಅತ್ತೆಯಿಂದ ಸೊಸೆಗೆ ಅದು ಇಳಿದು ಬಂದಿರುತ್ತದೆ. ಎಷ್ಟೋ ಮನೆಗಳಲ್ಲಿ ಹಣ ಮುಟ್ಟುವುದಿಲ್ಲ. ಒಂದು ತೆಂಗಿನಕಾಯಿ, ಎಲೆ ಅಡಿಕೆ, ಅಷ್ಟೆ.

ಇದೇ ಸೀಮೆಯಲ್ಲಿ ರೋಣಕ್ಕೊಂದು, ಗಜೇಂದ್ರಗಡಕ್ಕೊಂದು ಆಯುರ್ವೇದ ವೈದ್ಯ ಮಹಾವಿದ್ಯಾಲಯಗಳಿವೆ, ಗದಗಿನಲ್ಲಿಯೂ ಉಂಟು. ಅಲ್ಲಿ ಸೇರುವ ವಿದ್ಯಾರ್ಥಿ ಅಖಿಲ ಭಾರತದ ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ನಾಲ್ಕೂವರೆ ವರ್ಷ ಓದಿ, ಒಂದು ವರ್ಷ ಆಸ್ಪತ್ರೆಯಲ್ಲಿ ಕೈಕೆಲಸ ಕಲಿತು ಪದವಿ ಪಡೆಯುತ್ತಾನೆ. ಶರೀರ ರಚನೆ, ದ್ರವ್ಯಗುಣ, ಶಲ್ಯತಂತ್ರ ಎಲ್ಲವನ್ನೂ ಓದುತ್ತಾನೆ. ಅವನ ಹೆಸರು ಸರಕಾರದ ಪಟ್ಟಿಯಲ್ಲಿ ಏರುತ್ತದೆ. ಅವನ ಕಾಲೇಜಿನಿಂದ ಕೂಗಳತೆಯ ಹಳ್ಳಿಯಲ್ಲಿ ನಲವತ್ತು ವರ್ಷಗಳಿಂದ ಎಲುಬು ಕಟ್ಟುತ್ತ ಬಂದ ಮುದುಕನ ಹೆಸರು ಏರುವುದಿಲ್ಲ. ಜನರ ಬಾಯಲ್ಲಿ ಇಬ್ಬರೂ ವೈದ್ಯರೇ. ಕಾಯಿದೆಯ ಬಾಯಲ್ಲಿ ಒಬ್ಬನು ವೈದ್ಯ, ಇನ್ನೊಬ್ಬನು ಅಪರಾಧಿ.

ಈ ಗೆರೆಯನ್ನು ಮೊದಲು ಎಳೆದುದು 1938ರಲ್ಲಿ. ರೋಣ, ನರಗುಂದಗಳು ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. ಆ ವರ್ಷದ ಮುಂಬಯಿ ವೈದ್ಯವೃತ್ತಿಗರ ಕಾಯಿದೆಯು ದೇಶೀಯ ವೈದ್ಯರಿಗೆ ಒಂದು ಮಂಡಳಿಯನ್ನೂ ನೋಂದಣಿ ಪುಸ್ತಕವನ್ನೂ ಏರ್ಪಡಿಸಿತು. ಅದುವರೆಗೆ ಸರಕಾರದ ಕಣ್ಣಿಗೆ ಪಾಶ್ಚಾತ್ಯ ವೈದ್ಯರು ಮಾತ್ರವೇ ವೈದ್ಯರು; ಆದುದರಿಂದ ಇದು ಸಣ್ಣ ಗೌರವವಲ್ಲ. ಪದವಿಯಿಲ್ಲದೆ ಆಗಾಗಲೇ ವೃತ್ತಿಯಲ್ಲಿದ್ದವರಿಗೂ ಅದು ಬಾಗಿಲನ್ನು ತೆರೆಯಿತು. ಆದರೆ ಆ ಬಾಗಿಲಿನ ಮೇಲೆ ಒಂದು ತಾರೀಖು ಬರೆದಿತ್ತು. ಆ ತಾರೀಖಿನ ಒಳಗೆ ಅರ್ಜಿ ಹಾಕಲು ಓದು ಬರಹ ಬಲ್ಲವನಾಗಿರಬೇಕು, ಕಾಯಿದೆಯ ಸುದ್ದಿ ಕಿವಿಗೆ ಬಿದ್ದಿರಬೇಕು. ಎರೆ ಹೊಲದಲ್ಲಿ ಎಡೆ ಹೊಡೆಯುತ್ತ, ಬಂದವರಿಗೆ ನಡುವೆ ಔಷಧ ಕೊಡುತ್ತಿದ್ದವನಿಗೆ ಆ ಸುದ್ದಿ ಎಲ್ಲಿಂದ ಬರಬೇಕು?

ಆಯುರ್ವೇದವನ್ನು ಶಾಲೆಯಲ್ಲಿ ಕಲಿಸುವ ಪದ್ಧತಿ ಕನ್ನಡ ನಾಡಿಗೆ ಹೊಸದೇನೂ ಆಗಿರಲಿಲ್ಲ. ಮೈಸೂರಿನ ಆಯುರ್ವೇದ ಕಾಲೇಜು 1908ರಲ್ಲಿಯೇ ಆರಂಭವಾಗಿತ್ತು. ಬೆಳಗಾವಿಯ ಶಹಾಪುರದಲ್ಲಿ 1933ರಲ್ಲಿ ಮತ್ತೊಂದು ಹುಟ್ಟಿತು. ಏಕೀಕರಣವಾದಾಗ ಐದು ಆಡಳಿತಗಳಿಂದ ಬಂದ ತುಂಡುಗಳೊಡನೆ ಅವುಗಳ ಕಾಯಿದೆಗಳೂ ಬಂದವು. ಅವನ್ನು ಒಂದುಗೂಡಿಸಲು ರಾಜ್ಯವು 1961ರಲ್ಲಿ ಆಯುರ್ವೇದ, ಯುನಾನಿ ಮೊದಲಾದ ಪದ್ಧತಿಗಳ ವೈದ್ಯರ ನೋಂದಣಿಗೆ ಒಂದೇ ಕಾಯಿದೆಯನ್ನು ಮಾಡಿತು. ಅಷ್ಟರಲ್ಲಿ ದೇಶದ ತುಂಬ ಶುದ್ಧ ಆಯುರ್ವೇದವೋ ಮಿಶ್ರ ಆಯುರ್ವೇದವೋ ಎಂಬ ಜಗಳ ಹತ್ತಿಕೊಂಡಿತ್ತು. ಅದನ್ನು ಪರಿಶೀಲಿಸಲು 1958ರಲ್ಲಿ ಕೇಂದ್ರ ಸರಕಾರ ನೇಮಿಸಿದ ಸಮಿತಿಗೆ ಅಧ್ಯಕ್ಷರಾದವರು ಕನ್ನಡಿಗರೇ ಆದ ಡಾ. ಕೆ. ಎನ್. ಉಡುಪರು, ಕಾಶಿಯಲ್ಲಿ ಆಯುರ್ವೇದ ಓದಿ, ಅಮೆರಿಕದಲ್ಲಿ ಶಸ್ತ್ರಚಿಕಿತ್ಸೆ ಕಲಿತು ಬಂದವರು. ಜಗಳದ ಎರಡು ಪಕ್ಷಗಳೂ ಕಾಲೇಜಿನ ಗೋಡೆಯ ಒಳಗಿನವೇ. ಹೊರಗಿದ್ದವನನ್ನು ಯಾರೂ ಕೇಳಲಿಲ್ಲ.

1970ರ ಕೇಂದ್ರ ಕಾಯಿದೆ ಬಾಗಿಲನ್ನು ಇನ್ನಷ್ಟು ಮುಚ್ಚಿತು. ಅನುಬಂಧದಲ್ಲಿ ಹೆಸರಿಸಿದ ಪದವಿಯುಳ್ಳವರಿಗೇ ಇನ್ನು ಮುಂದೆ ಪಟ್ಟಿಯಲ್ಲಿ ಸ್ಥಾನ. ಹಳಬರ ಹಕ್ಕುಗಳನ್ನು ಅವರ ಜೀವಮಾನದ ಮಟ್ಟಿಗೆ ಉಳಿಸಿದುದುಂಟು. ಆ ಹಳಬರು ಈಗ ಬಹುಮಟ್ಟಿಗೆ ತೀರಿಹೋಗಿದ್ದಾರೆ. 2020ರಲ್ಲಿ ಆ ಕಾಯಿದೆಯ ಜಾಗಕ್ಕೆ ಹೊಸ ರಾಷ್ಟ್ರೀಯ ಆಯೋಗದ ಕಾಯಿದೆ ಬಂತು. ಗೆರೆ ಅಲ್ಲಿಯೇ ಉಳಿಯಿತು. ನಡುವೆ ಕೇರಳದ ಪಾರಂಪರಿಕ ವೈದ್ಯರು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದ್ದರು. 2018ರ ಏಪ್ರಿಲಿನಲ್ಲಿ ಬಂದ ತೀರ್ಪು ನಿಸ್ಸಂದಿಗ್ಧವಾಗಿತ್ತು: ಮಾನ್ಯ ಅರ್ಹತೆಯೂ ನೋಂದಣಿಯೂ ಇಲ್ಲದವನು, ವಿದ್ಯೆ ವಂಶದಿಂದ ಬಂದಿದ್ದರೂ, ವೈದ್ಯವೃತ್ತಿ ನಡೆಸುವಂತಿಲ್ಲ.

ನ್ಯಾಯಾಲಯವನ್ನು ನಿಷ್ಠುರವೆಂದು ದೂರುವ ಮೊದಲು ಆ ಕಾಮಣಿಯ ಮನೆಯ ಜಗಲಿಗೆ ಮತ್ತೊಮ್ಮೆ ಹೋಗಬೇಕು. ಕಾಮಣಿ ಎಂಬುದು ಒಂದು ರೋಗವಲ್ಲ. ಅನೇಕ ರೋಗಗಳ ಹಳದಿ ಬಣ್ಣ. ಕೆಟ್ಟ ನೀರಿನಿಂದ ಬರುವ ಸಾಮಾನ್ಯ ಕಾಮಣಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ನೆಲನೆಲ್ಲಿಯ ರಸ ಕುಡಿದರೂ ಇಳಿಯುತ್ತದೆ, ಕುಡಿಯದಿದ್ದರೂ ಇಳಿಯುತ್ತದೆ. ಕೀರ್ತಿ ಮಾತ್ರ ನೆಲನೆಲ್ಲಿಗೆ ಸಲ್ಲುತ್ತದೆ. ಆದರೆ ಅದೇ ಹಳದಿ ಕಣ್ಣು ಪಿತ್ತನಾಳದಲ್ಲಿ ಸಿಕ್ಕಿದ ಕಲ್ಲಿನಿಂದ ಬಂದಿರಬಹುದು, ಯಕೃತ್ತಿನ ಬೇರೊಂದು ಕೇಡಿನಿಂದ ಬಂದಿರಬಹುದು. ಆಗ ಮೂರು ಭಾನುವಾರ ಕಾಯುವುದೆಂದರೆ ಮೂರು ವಾರವನ್ನು ಮೃತ್ಯುವಿಗೆ ಸಾಲ ಕೊಟ್ಟಂತೆ. ಮುರಿದ ಎಲುಬೂ ಹಾಗೆಯೇ. ಸರಿಯಾಗಿ ಕೂಡಿಸಿ ಅಲುಗದಂತೆ ಬಿದಿರ ದಬ್ಬೆ ಕಟ್ಟಿದರೆ ಅದು ತಾನೇ ಬೆಸೆದುಕೊಳ್ಳುತ್ತದೆ. ಪಳಗಿದ ಕೈ ಇದನ್ನು ಚೆನ್ನಾಗಿಯೇ ಮಾಡೀತು. ಕಟ್ಟು ಬಿಗಿಯಾದರೆ ಮಾತ್ರ ರಕ್ತ ಹರಿಯದೆ ಬೆರಳು ಮೊದಲು ತಣ್ಣಗಾಗುತ್ತದೆ, ಆಮೇಲೆ ಸ್ಪರ್ಶ ತಪ್ಪುತ್ತದೆ, ಆಮೇಲೆ ಕಪ್ಪಾಗುತ್ತದೆ. ಕೈಯನ್ನೇ ಕತ್ತರಿಸಬೇಕಾಗಿ ಬಂದೀತು. ಹಾವಿನ ಮಾತಂತೂ ಬೇಡವೇ ಬೇಡ. ಕಚ್ಚುವ ಹಾವುಗಳಲ್ಲಿ ಹೆಚ್ಚಿನವಕ್ಕೆ ವಿಷವಿಲ್ಲ. ಬೇರು ಕಟ್ಟಿದವನ ಹೆಸರು ಬೆಳೆಯುವುದು ಅವುಗಳಿಂದ. ನಾಗರ, ಕಟ್ಟುಹಾವು, ಕೊಳಕುಮಂಡಲಗಳ ವಿಷ ಏರಿದಾಗ ಆಸ್ಪತ್ರೆಯ ಪ್ರತಿವಿಷದ ಸೂಜಿಯೊಂದೇ ಗತಿ.

ಆದುದರಿಂದ ಕಾಯಿದೆ ಬೇಕು. ಅದು ರೋಗಿಯ ಕಾವಲಿಗೆ ಇರುವುದು, ವೈದ್ಯನ ಮಾನಕ್ಕಾಗಿ ಅಲ್ಲ. ತೊಡಕಿರುವುದು ಬೇರೆ ಕಡೆ. ಸರಕಾರದ ಒಂದು ಪುಸ್ತಕ ಹೇಳುವುದನ್ನು ಮತ್ತೊಂದು ಪುಸ್ತಕ ಕೇಳಿಸಿಕೊಂಡಂತೆ ತೋರುವುದಿಲ್ಲ. 1940ರ ಔಷಧ ಕಾಯಿದೆಗೆ 1964ರಲ್ಲಿ ಸೇರಿಸಿದ ಅಧ್ಯಾಯವು, ತಮ್ಮ ರೋಗಿಗಳಿಗಾಗಿ ತಾವೇ ಔಷಧ ಮಾಡಿಕೊಳ್ಳುವ ವೈದ್ಯ, ಹಕೀಮರಿಗೆ ಪರವಾನಗಿಯ ಕಟ್ಟಿಲ್ಲವೆಂದಿದೆ. 2002ರ ಜೀವವೈವಿಧ್ಯ ಕಾಯಿದೆಯು ಗಿಡಮೂಲಿಕೆ ತರುವ ವೈದ್ಯ, ಹಕೀಮರಿಗೆ ವಿನಾಯಿತಿ ಕೊಟ್ಟಿದೆ. ಹೀಗೆ ಗುಡ್ಡದಲ್ಲಿ ಬೇರು ಕೀಳುವಾಗ ಆ ಮುದುಕನು ಒಂದು ಕಾಯಿದೆಯ ಪ್ರಕಾರ ವೈದ್ಯ. ಇಳಿದು ಬಂದು ಅದೇ ಬೇರನ್ನು ರೋಗಿಗೆ ಕೊಟ್ಟಾಗ ಇನ್ನೊಂದರ ಪ್ರಕಾರ ಕಳ್ಳವೈದ್ಯ! ಭಾರತೀಯ ಗುಣಮಟ್ಟ ಮಂಡಳಿಯು ಎಲುಬು ಕಟ್ಟುವುದು, ಕಾಮಾಲೆ ಮುಂತಾಗಿ ವಿಭಾಗ ಮಾಡಿ ಇಂಥವರನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಏರ್ಪಾಡನ್ನೂ ಮಾಡಿದೆ. ಒಳ್ಳೆಯ ಯೋಚನೆ. ಆದರೆ ಆ ಪತ್ರವು ಅವರ ಕೈಚಳಕಕ್ಕೆ ಸಾಕ್ಷಿಯೇ ಹೊರತು ವೃತ್ತಿ ನಡೆಸಲು ಅಪ್ಪಣೆಯಲ್ಲ. ಗೋಡೆಗೆ ತೂಗುಹಾಕಬಹುದು, ಅಷ್ಟೆ.

ಈ ಪೇಚು ನಮಗೊಬ್ಬರಿಗೇ ಬಂದುದಲ್ಲ. ಚೀನದ ಸೂಜಿಚಿಕಿತ್ಸೆ, ಮೂಲಿಕೆಗಳು ಯುರೋಪನ್ನು ಹೊಕ್ಕಾಗ ಅಲ್ಲಿಯ ಒಂದೊಂದು ದೇಶ ಒಂದೊಂದು ದಾರಿ ಹಿಡಿಯಿತು. ಫ್ರಾನ್ಸಿನಲ್ಲಿ ಸೂಜಿ ಚುಚ್ಚುವ ಹಕ್ಕು ಬಹುಮಟ್ಟಿಗೆ ವೈದ್ಯ ಪದವೀಧರರದೇ. ಜರ್ಮನಿಯಲ್ಲಿ 1939ರ ಕಾಯಿದೆಯೊಂದರ ಪ್ರಕಾರ ವೈದ್ಯ ಪದವಿಯಿಲ್ಲದವನೂ ಆರೋಗ್ಯ ಕಚೇರಿಯ ಪರೀಕ್ಷೆಗೆ ಕುಳಿತು ಅಪ್ಪಣೆ ಪಡೆಯಬಹುದು. ಅವನು ನಿನ್ನ ಪದ್ಧತಿ ಏನೆಂದು ಹೇಳಬೇಕಾಗಿಲ್ಲ, ನಿನ್ನಿಂದ ಜನರಿಗೆ ಅಪಾಯವಿಲ್ಲವೆಂದು ತೋರಿಸಿದರೆ ಸಾಕು. ಸ್ವಿಟ್ಜರ್‌ಲೆಂಡಿನ ಮತದಾರರು 2009ರಲ್ಲಿ ಮೂವರಲ್ಲಿ ಇಬ್ಬರಂತೆ ಪೂರಕ ವೈದ್ಯಪದ್ಧತಿಗಳ ಪರವಾಗಿ ಮತ ಹಾಕಿದರು. 2015ರಿಂದ ಅಲ್ಲಿ ಚೀನೀ ವೈದ್ಯಕ್ಕೂ ನಮ್ಮ ಆಯುರ್ವೇದಕ್ಕೂ ರಾಷ್ಟ್ರಮಟ್ಟದ ಪರೀಕ್ಷೆ, ಪದವಿಪತ್ರಗಳಿವೆ. ರೋಣದ ಹಳ್ಳಿಗೆ ಹತ್ತಿರವಾದ ಮಾದರಿ ಮಾತ್ರ ಚೀನದ್ದೇ. ಅಲ್ಲಿ 2017ರಲ್ಲಿ ಜಾರಿಗೆ ಬಂದ ಕಾಯಿದೆಯು ಗುರುಮುಖದಿಂದ ಕಲಿತವನಿಗೆ, ಅಥವಾ ಬಹುಕಾಲದ ಅನುಭವದಿಂದ ಒಂದು ವಿಶೇಷ ನೈಪುಣ್ಯ ಗಳಿಸಿದವನಿಗೆ, ಬೇರೆಯೇ ಒಂದು ದಾರಿ ತೆರೆದಿದೆ. ಕಡಿಮೆಯೆಂದರೆ ಇಬ್ಬರು ನೋಂದಾಯಿತ ವೈದ್ಯರು ಅವನಿಗಾಗಿ ಶಿಫಾರಸು ಮಾಡಬೇಕು. ಪ್ರಾಂತದ ಅಧಿಕಾರಿಗಳು ಅವನ ಕೈಗುಣವನ್ನು ಪರೀಕ್ಷಿಸುತ್ತಾರೆ. ಗೆದ್ದರೆ ಅಪ್ಪಣೆ, ಆದರೆ ಪರೀಕ್ಷೆ ಕೊಟ್ಟ ಕೆಲಸದ ಮಟ್ಟಿಗೆ ಮಾತ್ರ. ಎಲುಬು ಕಟ್ಟುವವನು ಎಲುಬು ಕಟ್ಟಬೇಕು. ಜ್ವರಕ್ಕೆ ಮದ್ದು ಅರೆಯುವಂತಿಲ್ಲ.

ಇಂಥ ಪರೀಕ್ಷೆಗೆ ಇಲ್ಲಿ ಮೊದಲ ಅಡ್ಡಿ ಸರಕಾರದ್ದಲ್ಲ, ಬೇರಿನ ಹೆಸರು ಹೇಳಬಾರದೆಂಬ ಗುಟ್ಟಿನದು. ಪರೀಕ್ಷಕನಿಗೆ ಹೆಸರು ಹೇಳದೆ ತೇರ್ಗಡೆಯಾಗುವುದು ಹೇಗೆ? ಆ ಗುಟ್ಟನ್ನು ಪುರಾತನವೆಂದು ಗೌರವಿಸುವವರು ಕನ್ನಡದ ಹಳೆಯ ವೈದ್ಯ ಸಾಹಿತ್ಯದ ಕಡೆ ಒಮ್ಮೆ ತಿರುಗಿ ನೋಡಬೇಕು. ಹದಿನಾಲ್ಕನೆಯ ಶತಮಾನದ ಮಂಗರಾಜನು ವಿಷವೈದ್ಯವನ್ನೇ ವಸ್ತುವಾಗಿ ಮಾಡಿ ‘ಖಗೇಂದ್ರಮಣಿದರ್ಪಣ’ವನ್ನು ಬರೆದ. ಸಂಸ್ಕೃತದಲ್ಲಲ್ಲ, ಕನ್ನಡದಲ್ಲಿ. ಯಾವ ವಿಷಕ್ಕೆ ಯಾವ ಮೂಲಿಕೆ ಎಂಬುದನ್ನು ಪದ್ಯದಲ್ಲಿ ಕಟ್ಟಿ, ಓದಬಲ್ಲವರೆಲ್ಲರ ಕೈಗೆ ಕೊಟ್ಟ. ಅವನ ಔಷಧಗಳೆಲ್ಲ ಇಂದು ಸಲ್ಲುತ್ತವೆಂದಲ್ಲ. ಮುಚ್ಚಿಡುವುದು ನಮ್ಮ ಪರಂಪರೆಯ ಒಂದು ಕವಲು ಮಾತ್ರ. ಬಿಚ್ಚಿ ಹೇಳುವುದು ಅದಕ್ಕಿಂತ ಹೆಚ್ಚು ಧೈರ್ಯದ ಕವಲು. ಮಗನು ಬೆಂಗಳೂರಿಗೋ ಗೋವೆಗೋ ದುಡಿಯಲು ಹೋದ ಮನೆಯಲ್ಲಿ ಮುಚ್ಚಿಟ್ಟ ವಿದ್ಯೆಗೆ ವಾರಸುದಾರನೂ ಇಲ್ಲ.

ಕಾಲೇಜಿನವರಿಗೂ ಇದರಲ್ಲಿ ಕೆಲಸವಿದೆ. ದ್ರವ್ಯಗುಣದ ಪುಸ್ತಕದಲ್ಲಿ ಸಂಸ್ಕೃತದ ಹೆಸರಿನಿಂದ ಗಿಡವನ್ನು ಬಲ್ಲ ವಿದ್ಯಾರ್ಥಿ, ಹೊಲದ ಬದುವಿನಲ್ಲಿ ಅದೇ ಗಿಡ ಎದುರಾದರೆ ಗುರುತಿಸಬಲ್ಲನೆಂಬ ಭರವಸೆಯಿಲ್ಲ. ಮುದುಕನು ಕತ್ತಲೆಯಲ್ಲಿ ಮುಟ್ಟಿ ಗುರುತಿಸುತ್ತಾನೆ. ಆದರೆ ಪಿತ್ತನಾಳದ ಕಲ್ಲಿನ ಹಳದಿ ಯಾವುದು, ಸಾಮಾನ್ಯ ಕಾಮಣಿಯ ಹಳದಿ ಯಾವುದು ಎಂಬುದು ಅವನಿಗೆ ತಿಳಿಯದು. ರಕ್ತಪರೀಕ್ಷೆ ಮಾಡಿಸಬಲ್ಲ ವಿದ್ಯಾರ್ಥಿಗೆ ತಿಳಿದೀತು. ಪರೀಕ್ಷೆಯ ಪಾಠಪಟ್ಟಿ ಇಲ್ಲಿಯೇ ಅರ್ಧ ಸಿದ್ಧವಾದಂತಾಯಿತು: ಯಾವ ರೋಗಿಯನ್ನು ಮುಟ್ಟಬಾರದು, ಎಷ್ಟು ಹೊತ್ತಿನೊಳಗೆ ಗದಗಿನ ದೊಡ್ಡಾಸ್ಪತ್ರೆಗೆ ಕಳಿಸಬೇಕು, ಕಟ್ಟಿದ ಮೇಲೆ ಬೆರಳಿನ ಬಣ್ಣವನ್ನು ಎಷ್ಟು ಸಲ ನೋಡಬೇಕು. ಇದನ್ನು ಕಲಿಯಲು ಐದೂವರೆ ವರ್ಷ ಬೇಡ. ಇದನ್ನು ಕಲಿಯದವನಿಗೆ ಎಷ್ಟು ತಲೆಮಾರಿನ ಹೆಸರಿದ್ದರೂ ಅಪ್ಪಣೆ ಕೊಡಬಾರದು. ಹಾವಿನ ವಿಷಕ್ಕೆ ಬೇರು ಕಟ್ಟುವವನಿಗಂತೂ ಈ ಪರೀಕ್ಷೆಯಲ್ಲಿ ಸ್ಥಾನವೇ ಇರಕೂಡದು.

ಪರೀಕ್ಷೆಗೆ ಯಾರನ್ನು ಕರೆಯಬೇಕೆಂದು ಹುಡುಕುವ ಕಷ್ಟವೂ ಇಲ್ಲ. ಜೀವವೈವಿಧ್ಯ ಕಾಯಿದೆಯ ಪ್ರಕಾರ ಗ್ರಾಮ ಪಂಚಾಯಿತಿಗಳು ಜನತಾ ಜೀವವೈವಿಧ್ಯ ದಾಖಲೆಗಳನ್ನು ಬರೆಸಬೇಕು. ಆ ದಾಖಲೆಯ ನಮೂನೆಯಲ್ಲಿ ಊರಿನ ವೈದ್ಯ, ಹಕೀಮರ ಹೆಸರುಗಳನ್ನು ಬರೆಯಲೆಂದೇ ಒಂದು ಪಟ್ಟಿಯ ಪುಟ ಇದೆ. ಸರಕಾರವೇ ಅಚ್ಚು ಹಾಕಿಸಿದ ಪುಟ.