ಒಂಟಿ ಶೂ ಮಾರಿದ ಅಂಗಡಿ

ಜೋಡಿ ಬೇಡ, ಒಂದೇ ಒಂದು ಶೂ ಕೊಡಿ ಎಂದು ಯಾವುದಾದರೂ ಪಾದರಕ್ಷೆ ಅಂಗಡಿಯಲ್ಲಿ ಕೇಳಿ ನೋಡಿ. ಅಂಗಡಿಯವರು ನಿಮ್ಮ ಕಾಲನ್ನೊಮ್ಮೆ, ಮುಖವನ್ನೊಮ್ಮೆ ನೋಡಿ ಬೇರೆ ಗಿರಾಕಿಯತ್ತ ತಿರುಗುತ್ತಾರೆ. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಹಾಗೆ ಕೇಳಿದವರಿಗೂ ಶೂ ಕೊಡುತ್ತಿದ್ದ ಅಂಗಡಿಗಳಿದ್ದವು. ಕೇಳುತ್ತಿದ್ದವರು ಹದಿಹರೆಯದ ಹುಡುಗರು. ನಾಲ್ಕು ಪುಟ್ಟ ಗಾಲಿಗಳ ಹಲಗೆಯ ಮೇಲೆ ನಿಂತು ರಸ್ತೆಯಲ್ಲಿ ಜಾರುವುದು ಅವರ ಆಟ. ಒಂದು ಕಾಲು ಹಲಗೆಯ ಮೇಲೆಯೇ ಇರುತ್ತದೆ. ಇನ್ನೊಂದು ನೆಲವನ್ನು ಒದ್ದು ಹಲಗೆಯನ್ನು ಮುಂದೆ ತಳ್ಳಬೇಕು, ನಿಲ್ಲಬೇಕಾದಾಗ ನೆಲಕ್ಕೆ ಉಜ್ಜಿ ಬ್ರೇಕ್ ಹಾಕಬೇಕು. ಹೀಗಾಗಿ ಒಂದು ಶೂ ಹೊಸದರಂತಿರುವಾಗಲೇ ಇನ್ನೊಂದು ತೂತಾಗುತ್ತಿತ್ತು. ಎರಡಕ್ಕೂ ಯಾಕೆ ದುಡ್ಡು ಕೊಡಬೇಕು ಎಂಬ ಹುಡುಗರ ತರ್ಕ ಅಂಗಡಿಯವರಿಗೆ ಒಪ್ಪಿಗೆಯಾಗಿತ್ತು. ಆ ಅಂಗಡಿಗಳ ಹೆಸರು ವ್ಯಾನ್ಸ್.

ಈ ಹೆಸರು ಬಂದದ್ದು ಪಾಲ್ ವ್ಯಾನ್ ಡೋರೆನ್ ಎಂಬಾತನಿಂದ. 1930ರಲ್ಲಿ ಹುಟ್ಟಿ ಅಮೆರಿಕದ ಪೂರ್ವ ಕರಾವಳಿಯ ಮ್ಯಾಸಚೂಸೆಟ್ಸ್‌ನಲ್ಲಿ ಬೆಳೆದ ಪಾಲ್‌ಗೆ ಶಾಲೆ ರುಚಿಸಲಿಲ್ಲ. ಹೈಸ್ಕೂಲು ಮುಗಿಸದೆ ಕುದುರೆ ರೇಸಿನ ಮೈದಾನದಲ್ಲಿ ಸುತ್ತತೊಡಗಿದ. ತಾಯಿ ಗದರಿಸಿ, ರ‍್ಯಾಂಡಿಸ್ ಎಂಬ ಹೆಸರಿನ ಶೂ ಕಾರ್ಖಾನೆಗೆ ಕೆಲಸಕ್ಕೆ ಕಳಿಸಿದಳು. ಶಾಲೆ ಬಿಟ್ಟವನೂ ಕೋಟ್ಯಧೀಶನಾಗಬಹುದು ಎಂದು ವಿದ್ಯಾರ್ಥಿಗಳು ಈ ಕಥೆಯನ್ನು ಅಪ್ಪನ ಮುಂದೆ ಹಿಡಿಯುವ ಮೊದಲು ಇದನ್ನೂ ಓದಿಕೊಳ್ಳಬೇಕು: ಆತ ನೆಲ ಗುಡಿಸುವುದರಿಂದ ಆರಂಭಿಸಿ, ಆ ಕಾರ್ಖಾನೆಯ ಒಂದೊಂದು ಯಂತ್ರವನ್ನೂ ಅರಿತು, ಸುಮಾರು ಇಪ್ಪತ್ತು ವರ್ಷ ದುಡಿದು, ಮಾಲೀಕರ ನಂತರದ ಹುದ್ದೆಗಳವರೆಗೆ ಏರಿದ. ಶಾಲೆ ತಪ್ಪಿತೇ ಹೊರತು ಪಾಠ ತಪ್ಪಲಿಲ್ಲ.

ಶೂ ತಯಾರಿಸುವವನಿಗೆ ಸಿಗುವುದು ಚಿಲ್ಲರೆ ಕಾಸು, ಲಾಭವೆಲ್ಲ ಮಾರುವವನಿಗೆ. ಕಾರ್ಖಾನೆಯಲ್ಲಿದ್ದು ಪಾಲ್ ಕಂಡುಕೊಂಡ ಸತ್ಯ ಇದು. ತಾನೇ ತಯಾರಿಸಿ ತಾನೇ ಮಾರಿದರೆ ಹೇಗೆ? ತಮ್ಮ ಜೇಮ್ಸ್, ಗೆಳೆಯ ಗಾರ್ಡನ್ ಲೀ ಮತ್ತು ಬೆಲ್ಜಿಯಂ ಮೂಲದ ಸರ್ಜ್ ಡೆಲಿಯಾ ಜತೆಗೂಡಿದರು. 1966ರ ಮಾರ್ಚ್ 16ರಂದು ಕ್ಯಾಲಿಫೋರ್ನಿಯಾದ ಆ್ಯನಹೈಮ್ ಪಟ್ಟಣದಲ್ಲಿ, ಕಾರ್ಖಾನೆಗೆ ಅಂಟಿಕೊಂಡಂತೆಯೇ ಮಳಿಗೆ ತೆರೆಯಿತು. ಮೊದಲ ದಿನ ತೋರಿಸಲು ಮಾದರಿಗಳಿದ್ದವು, ಕೊಡಲು ದಾಸ್ತಾನಿರಲಿಲ್ಲ. ಬೆಳಿಗ್ಗೆ ಬಣ್ಣ, ಅಳತೆ ಹೇಳಿಹೋದ ಒಂದು ಡಜನ್‌ನಷ್ಟು ಗಿರಾಕಿಗಳು ಸಂಜೆ ಬಂದಾಗ ಶೂ ಸಿದ್ಧವಾಗಿತ್ತು. ಆದರೆ ಗಲ್ಲಾಪೆಟ್ಟಿಗೆಯಲ್ಲಿ ಕೊಡಲು ಚಿಲ್ಲರೆಯೇ ಇಲ್ಲ! ಶೂ ಒಯ್ಯಿರಿ, ದುಡ್ಡು ನಾಳೆ ತನ್ನಿ ಎಂದು ಕಳಿಸಿಬಿಟ್ಟರು. ಮರುದಿನ ಎಲ್ಲರೂ ಬಂದು ಹಣ ಕೊಟ್ಟರಂತೆ. ಗಂಡಸರ ಜೋಡಿಗೆ 4 ಡಾಲರ್ 49 ಸೆಂಟ್. ಆ ವರ್ಷದ ಜೂನ್‌ನಲ್ಲಿ ನಮ್ಮ ರೂಪಾಯಿಯ ಅಪಮೌಲ್ಯವಾಯಿತಷ್ಟೆ. ಅದಕ್ಕೆ ಮೊದಲಿನ ದರದಲ್ಲಿ ಲೆಕ್ಕ ಹಾಕಿದರೆ ಸುಮಾರು 21 ರೂಪಾಯಿ.

ನೋಡಲು ಅದು ನಮ್ಮಲ್ಲಿ ಡ್ರಿಲ್ ಪೀರಿಯಡ್‌ಗೆ ಮಕ್ಕಳು ಹಾಕಿಕೊಂಡು ಹೋಗುವ ಕ್ಯಾನ್ವಾಸ್ ಶೂಗಳ ಸೋದರ ಸಂಬಂಧಿಯೇ. ಮೇಲೆ ಬಟ್ಟೆ, ಕೆಳಗೆ ರಬ್ಬರಿನ ಅಟ್ಟೆ. ಗುಟ್ಟು ಇದ್ದದ್ದು ಅಟ್ಟೆಯಲ್ಲಿ. ಹಸಿ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿದರೆ ಅದು ಗಟ್ಟಿಯಾಗಿಯೂ ಎಳೆದರೆ ಬರುವಂತೆಯೂ ಆಗುತ್ತದೆ. ಇದಕ್ಕೆ ವಲ್ಕನೀಕರಣ ಎನ್ನುತ್ತಾರೆ. ಇಡೀ ಶೂವನ್ನು ಕಟ್ಟಿದ ಮೇಲೆ ಒಲೆಯಲ್ಲಿ ಬೇಯಿಸಿ ಬಟ್ಟೆ ಮತ್ತು ರಬ್ಬರನ್ನು ಒಂದಾಗಿಸುವುದು ಹಳೆಯ ವಿದ್ಯೆ. ಪಾಲ್ ಮಾಡಿದ್ದಿಷ್ಟು: ಇತರರಿಗಿಂತ ದಪ್ಪನೆಯ ಅಟ್ಟೆ ಹಾಕಿದ. ಮೊದಲು ಅದರ ತಳದಲ್ಲಿ ಬರೀ ವಜ್ರಾಕಾರದ ಗೆರೆಗಳಿದ್ದವು. ಪಾದ ಬಾಗುವ ಜಾಗದಲ್ಲಿ ರಬ್ಬರು ಬಿರುಕು ಬಿಡುತ್ತಿದ್ದುದರಿಂದ ಅಲ್ಲಿ ಇನ್ನಷ್ಟು ಗೆರೆ ಸೇರಿಸಿದರು. ಅಮೆರಿಕದವರು ಬೆಳಗಿನ ಉಪಾಹಾರಕ್ಕೆ ತಿನ್ನುವ, ಮೈಯೆಲ್ಲ ಚೌಕ ಗುಳಿಗಳಿರುವ ವಾಫಲ್ ಎಂಬ ತಿಂಡಿಯಂತೆ ಕಂಡದ್ದರಿಂದ ಅದಕ್ಕೆ ವಾಫಲ್ ಅಟ್ಟೆ ಎಂದೇ ಹೆಸರಾಯಿತು. ಬಿರುಕು ತಪ್ಪಿಸಲು ಹಾಕಿದ ಗೆರೆ ಮುಂದೆ ಕಂಪನಿಯ ಗುರುತೇ ಆದದ್ದು ವಿಶೇಷ.

ಸ್ಕೇಟ್‌ಬೋರ್ಡ್ ಆಗ ಇನ್ನೂ ಮಕ್ಕಳ ಆಟಿಕೆ. ಕಡಲ ಅಲೆಯ ಮೇಲೆ ಹಲಗೆ ಸವಾರಿ ಮಾಡುವ ಸರ್ಫಿಂಗ್ ಹುಡುಗರು (ನಮ್ಮ ಮೂಲ್ಕಿಯ ಕಡಲಿನಲ್ಲಿ ಈಗ ಆಡುತ್ತಾರಲ್ಲ, ಅದೇ) ಅಲೆ ಏಳದ ದಿನ ಬೇಸರ ಕಳೆಯಲು ನೆಲದ ಮೇಲೂ ಅದನ್ನೇ ಆಡಲು ಹೊರಟದ್ದು ಇದರ ಮೂಲ. ಮಣ್ಣಿನಿಂದಲೋ ಲೋಹದಿಂದಲೋ ಮಾಡಿದ ಗಾಲಿಗಳು ಸಣ್ಣ ಕಲ್ಲು ಸಿಕ್ಕಿದರೂ ನಿಂತುಬಿಡುತ್ತಿದ್ದವು, ಸವಾರ ಮಾತ್ರ ಮುಂದೆ ಹೋಗಿ ಬೀಳುತ್ತಿದ್ದ. 1970ರ ದಶಕದ ಆರಂಭದಲ್ಲಿ ಫ್ರಾಂಕ್ ನ್ಯಾಸ್‌ವರ್ದಿ ಎಂಬ ಯುವಕ ಪಾಲಿಯುರೇಥೇನ್ ಎಂಬ ಮೆದು ಪ್ಲಾಸ್ಟಿಕ್ಕಿನ ಗಾಲಿಗಳನ್ನು ಮಾರುಕಟ್ಟೆಗೆ ತಂದ. ಅವು ನೆಲವನ್ನು ಕಚ್ಚಿ ಹಿಡಿದವು. ಆಟ ಅಲ್ಲಿಂದ ಬದಲಾಯಿತು.

ಬದಲಾಯಿಸಿದವರು ಸಾಂಟಾ ಮೋನಿಕಾ, ವೆನಿಸ್ ಕಡಲತೀರದ ಬಡ ಬೀದಿಗಳ ಹುಡುಗರು. ಆ ಕೇರಿಗೆ ಡಾಗ್‌ಟೌನ್ ಎಂದೇ ಅಡ್ಡಹೆಸರು. ಜೆಫಿರ್ ಎಂಬ ಸರ್ಫಿಂಗ್ ಅಂಗಡಿಯ ಆಸರೆಯಲ್ಲಿ ಇವರು ಒಂದು ತಂಡವಾದರು. ಟೋನಿ ಆಲ್ವಾ, ಸ್ಟೇಸಿ ಪೆರಾಲ್ಟಾ, ಜೇ ಆ್ಯಡಮ್ಸ್ ಮುಂತಾದವರ ನಡುವೆ ಪೆಗ್ಗಿ ಓಕಿ ಎಂಬ ಒಬ್ಬಳೇ ಹುಡುಗಿ. 1975ರಲ್ಲಿ ಡೆಲ್ ಮಾರ್ ಎಂಬಲ್ಲಿ ನಡೆದ ಸ್ಪರ್ಧೆಗೆ ಇವರು ಬಂದಾಗ ಕಾಲಲ್ಲಿದ್ದದ್ದು ನೀಲಿ ವ್ಯಾನ್ಸ್. ಕಾರಣ ಫ್ಯಾಷನ್ ಅಲ್ಲ. ಅದು ಅಗ್ಗ, ಅಟ್ಟೆ ಹಲಗೆಗೆ ಅಂಟಿಕೊಂಡಂತೆ ನಿಲ್ಲುತ್ತಿತ್ತು, ಹಲಗೆಯ ಪ್ರತಿ ಅಲುಗಾಟವೂ ಪಾದಕ್ಕೆ ಗೊತ್ತಾಗುತ್ತಿತ್ತು. 1976–77ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಭೀಕರ ಬರ ಬಂತು. ಶ್ರೀಮಂತರ ಮನೆಯ ಈಜುಕೊಳಗಳು ಬರಿದಾದವು. ಬಟ್ಟಲಿನಂತೆ ಬಾಗಿದ ಆ ಸಿಮೆಂಟ್ ಗೋಡೆಗಳು ಈ ಹುಡುಗರಿಗೆ ಹೆಪ್ಪುಗಟ್ಟಿದ ಅಲೆಗಳಂತೆ ಕಂಡವು. ಬೇಲಿ ಹಾರಿ ಒಳನುಗ್ಗಿ, ಉಳಿದ ನೀರನ್ನೂ ಎತ್ತಿ ಚೆಲ್ಲಿ, ಪೊಲೀಸರು ಬರುವವರೆಗೆ ಆಡಿ ಓಡುತ್ತಿದ್ದರು. ಅಪ್ಪ ಅಮ್ಮಂದಿರು ಮೆಚ್ಚುವ ಕೆಲಸವೇನಲ್ಲ. ಆದರೂ ಇಂದು ಒಲಿಂಪಿಕ್ಸ್‌ನಲ್ಲಿ ಕಾಣುವ ಆಟದ ಅರ್ಧ ಚಮತ್ಕಾರ ಹುಟ್ಟಿದ್ದು ಆ ಕದ್ದ ಮಧ್ಯಾಹ್ನಗಳಲ್ಲಿ.

ದೊಡ್ಡ ಕಂಪನಿಗಳು ಇಂಥ ಹುಡುಗರತ್ತ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ವ್ಯಾನ್ಸ್ ನೋಡಿತು. ಆಲ್ವಾ, ಪೆರಾಲ್ಟಾ ಅವರನ್ನು ಕೂರಿಸಿಕೊಂಡು ಕೇಳಿ, 1976ರಲ್ಲಿ ಹಿಮ್ಮಡಿಯ ಸುತ್ತ ಮೆತ್ತೆಯಿಟ್ಟ ‘ಇರಾ’ ಎಂಬ ಮಾದರಿ ತಯಾರಿಸಿತು. ಆಡುವವರೇ ಹೇಳಿ ಮಾಡಿಸಿದ ಸ್ಕೇಟ್‌ಬೋರ್ಡ್ ಶೂ ಅದು. ಅದರ ಹಿಮ್ಮಡಿಯ ಮೇಲೆ ‘ಆಫ್ ದಿ ವಾಲ್’ ಎಂಬ ಮುದ್ರೆ. ಗೋಡೆಯಿಂದಾಚೆಗೆ ಹಾರುವವನು ಎಂಬುದೊಂದು ಅರ್ಥ, ತಲೆ ತಿರುಕ ಎಂಬುದು ಇನ್ನೊಂದು! ಪೆರಾಲ್ಟಾಗೆ ಶೂ ಧರಿಸಿ ಆಡಿದ್ದಕ್ಕೆ 300 ಡಾಲರ್ ಸಂದಿತು. ಮರುವರ್ಷ ಬಂದ ‘ಓಲ್ಡ್ ಸ್ಕೂಲ್’ ಮಾದರಿಯಲ್ಲಿ, ಬಟ್ಟೆ ಬೇಗ ಹರಿಯುವ ಕಡೆಗೆಲ್ಲ ಚರ್ಮ ಹಚ್ಚಿದ್ದರು. ಬದಿಯಲ್ಲಿ ಅಲೆಯಂತೆ ಬಾಗಿದ ಒಂದು ಪಟ್ಟಿಯಿತ್ತು. ಪಾಲ್ ಸುಮ್ಮನೆ ಕಾಗದದ ಮೇಲೆ ಗೀಚಿದ ಗೆರೆ ಅದು. ಇದನ್ನು ನೆನಪಿಟ್ಟುಕೊಂಡಿರಿ, ಮುಂದೆ ಕೋರ್ಟಿನಲ್ಲಿ ಬರುತ್ತದೆ.

ಇನ್ನೊಂದು ಗೀಚು ಹುಡುಗರದೇ. ಅವರು ಶೂವಿನ ಬದಿಯ ಬಿಳಿ ರಬ್ಬರಿನ ಮೇಲೆ ಪೆನ್ನಿನಿಂದ ಕಪ್ಪು ಚೌಕಗಳನ್ನು ತುಂಬುತ್ತಿದ್ದುದನ್ನು ಪಾಲ್‌ನ ಮಗ ಸ್ಟೀವ್ ಗಮನಿಸಿದ. ಕಂಪನಿ ಆ ಚೌಕುಳಿಯನ್ನೇ ಬಟ್ಟೆಯ ಮೇಲೆ ಅಚ್ಚು ಹಾಕಿತು. 1982ರಲ್ಲಿ ‘ಫಾಸ್ಟ್ ಟೈಮ್ಸ್ ಅಟ್ ರಿಜ್‌ಮಾಂಟ್ ಹೈ’ ಚಿತ್ರ ಬಂತು. ಅದರಲ್ಲಿ ಪಾಠಕ್ಕೆ ತಡವಾಗಿ ಬರುವ, ಸದಾ ಅಲೆಗಳ ಧ್ಯಾನದಲ್ಲಿರುವ ವಿದ್ಯಾರ್ಥಿಯಾಗಿ ನಟಿಸಿದ ಶಾನ್ ಪೆನ್‌ನ ಕಾಲಲ್ಲಿ ಕಪ್ಪು ಬಿಳಿ ಚೌಕುಳಿಯ, ಲೇಸ್ ಇಲ್ಲದ ವ್ಯಾನ್ಸ್ ಇತ್ತು. ಅದನ್ನು ಪಾತ್ರಕ್ಕೆ ಆರಿಸಿಕೊಂಡದ್ದು ನಟನೇ. ಕ್ಯಾಲಿಫೋರ್ನಿಯಾದ ಆಚೆ ಹೆಚ್ಚು ಜನರಿಗೆ ಗೊತ್ತಿರದ ಶೂ ದೇಶವೆಲ್ಲ ಓಡಾಡಿತು.

ಯಶಸ್ಸು ಬಂದಾಗಲೇ ಬುದ್ಧಿ ಜಾರುವುದು. ಆಗ ಕಂಪನಿ ನಡೆಸುತ್ತಿದ್ದ ಜೇಮ್ಸ್‌ಗೆ ದೊಡ್ಡ ಕ್ರೀಡಾ ಕಂಪನಿಗಳ ಸಾಲಿನಲ್ಲಿ ಕೂರುವ ಆಸೆ. ಓಟಕ್ಕೆ, ಬಾಸ್ಕೆಟ್‌ಬಾಲ್‌ಗೆ, ಕುಸ್ತಿಗೆ, ಬೇಸ್‌ಬಾಲ್‌ಗೆ, ಬ್ರೇಕ್ ಡಾನ್ಸ್‌ಗೂ ಶೂ ತಯಾರಾದವು. ಒಂದೊಂದಕ್ಕೂ ಖರ್ಚು ಹೆಚ್ಚು, ಬೆಲೆ ಮಾತ್ರ ಅದಕ್ಕೆ ತಕ್ಕಂತೆ ಇಲ್ಲ. ಅತ್ತ ಚೌಕುಳಿಯ ಅಗ್ಗದ ನಕಲುಗಳು ಪೇಟೆ ತುಂಬಿದವು. ಸಾಲ 1 ಕೋಟಿ 20 ಲಕ್ಷ ಡಾಲರ್‌ನಷ್ಟಾಗಿ, 1984ರಲ್ಲಿ ಕಂಪನಿ ದಿವಾಳಿ ಕಾನೂನಿನ ರಕ್ಷಣೆಗೆ ಮೊರೆಹೋಯಿತು. ಪಾಲ್ ಮತ್ತೆ ಬಂದು, ಹೊಸ ಆಟಗಳನ್ನೆಲ್ಲ ನಿಲ್ಲಿಸಿ, ಹಳೆಯ ಕ್ಯಾನ್ವಾಸ್ ಶೂಗಳನ್ನೇ ಮಾಡುತ್ತ ಸುಮಾರು ಮೂರು ವರ್ಷದಲ್ಲಿ ಸಾಲ ತೀರಿಸಿದ. 1988ರಲ್ಲಿ ಕುಟುಂಬ ಮತ್ತು ಪಾಲುದಾರರು ಕಂಪನಿಯನ್ನು 7 ಕೋಟಿ 44 ಲಕ್ಷ ಡಾಲರ್‌ಗೆ ಒಂದು ಹಣಕಾಸು ಸಂಸ್ಥೆಗೆ ಮಾರಿದರು.

ಹುಡುಗರ ಕಾಲನ್ನು ನೋಡುವ ಅಭ್ಯಾಸ ಆಮೇಲೂ ಪೂರ್ತಿ ಹೋಗಲಿಲ್ಲ. 1989ರಲ್ಲಿ ಸ್ಟೀವ್ ಕ್ಯಾಬಲೆರೊ ಎಂಬ ಪ್ರಸಿದ್ಧ ಆಟಗಾರನ ಹೆಸರಲ್ಲಿ ಪಾದದ ಕೀಲು ಮುಚ್ಚುವಷ್ಟು ಎತ್ತರದ ಶೂ ಬಂತು. ಅಷ್ಟರಲ್ಲಿ ಆಟ ಈಜುಕೊಳದಿಂದ ಬೀದಿಗೆ, ಮೆಟ್ಟಿಲು ಕಂಬಿಗಳಿಗೆ ಇಳಿದಿತ್ತು. ಅಲ್ಲಿ ಕೀಲು ಸಲೀಸಾಗಿ ತಿರುಗಬೇಕು. ಹುಡುಗರು ಕತ್ತರಿ ತೆಗೆದುಕೊಂಡು ಹೊಸ ಶೂಗಳ ಕತ್ತನ್ನೇ ಕತ್ತರಿಸಿ, ಅಂಚಿಗೆ ಟೇಪು ಸುತ್ತಿ ಹಾಕಿಕೊಂಡರು. ಕ್ಯಾಬಲೆರೊ ಸಿಟ್ಟಾಗುವ ಬದಲು ತಾನೂ ಕತ್ತರಿಸಿಕೊಂಡು, ಕಂಪನಿಗೆ ಇದನ್ನೇ ಮಾಡಿ ಎಂದ. 1992ರಲ್ಲಿ ಬಂದ ‘ಹಾಫ್ ಕ್ಯಾಬ್’ ದಶಕಗಳ ಕಾಲ ಮಾರಾಟವಾಯಿತು. ಕಾಸು ಕೊಟ್ಟು ತಂದ ಹೊಸ ಶೂಗೆ ಮಗ ಕತ್ತರಿ ಹಾಕುವುದನ್ನು ಕಂಡ ತಾಯಂದಿರು ಏನೆಂದರೋ ಕಂಪನಿಯ ಚರಿತ್ರೆಯಲ್ಲಿ ದಾಖಲಾಗಿಲ್ಲ.

ಕಾರ್ಖಾನೆಯ ಕಥೆ ಬೇರೆ. 1995ರಲ್ಲಿ ಕ್ಯಾಲಿಫೋರ್ನಿಯಾದ ಆರೆಂಜ್ ಪಟ್ಟಣದ ಘಟಕ ಮುಚ್ಚಿ ನೂರಾರು ಜನ ಕೆಲಸ ಕಳೆದುಕೊಂಡರು. 1998ರಲ್ಲಿ ವಿಸ್ಟಾದ ಘಟಕವೂ ಬಂದಾಯಿತು. ತಯಾರಿಕೆ ಏಷ್ಯಾಕ್ಕೆ ಹೋಯಿತು. ಬೆಳಿಗ್ಗೆ ಕೇಳಿದ ಬಣ್ಣದ ಶೂ ಸಂಜೆಗೆ ಸಿಗುತ್ತಿದ್ದ ಕಾಲ ಅಲ್ಲಿಗೆ ಮುಗಿಯಿತು. ಉಳಿದದ್ದು ಹೆಸರು, ಹೆಸರಿನ ಸುತ್ತಲಿನ ನೆನಪು. ಅದನ್ನು ಕಂಪನಿ ಚೆನ್ನಾಗಿಯೇ ಬೆಳೆಸಿತು. 1996ರಿಂದ ‘ವಾರ್ಪ್ಡ್ ಟೂರ್’ ಎಂಬ ಊರೂರು ತಿರುಗುವ ರಾಕ್ ಸಂಗೀತ ಉತ್ಸವಕ್ಕೆ ತನ್ನ ಹೆಸರು ಕೊಟ್ಟು ಎರಡು ದಶಕಕ್ಕೂ ಹೆಚ್ಚು ಕಾಲ ಜತೆಗಿತ್ತು. 1998ರಲ್ಲಿ ಅದೇ ಆರೆಂಜ್ ಪಟ್ಟಣದ ವ್ಯಾಪಾರ ಸಂಕೀರ್ಣದಲ್ಲಿ ಸ್ಕೇಟ್‌ಬೋರ್ಡ್ ಆಡಲೆಂದೇ ಖಾಲಿ ಈಜುಕೊಳದ ಆಕಾರದ ಅಂಗಳ ಕಟ್ಟಿಸಿತು. ಬೇಲಿ ಹಾರಬೇಕಾಗಿಲ್ಲ, ಟಿಕೆಟ್ ಕೊಂಡರಾಯಿತು. 2001ರಲ್ಲಿ ಬಂದ ‘ಡಾಗ್‌ಟೌನ್ ಆ್ಯಂಡ್ ಜಿ-ಬಾಯ್ಸ್’ ಎಂಬ ಸಾಕ್ಷ್ಯಚಿತ್ರ ಆ ಹಳೆಯ ಹುಡುಗರ ಕಥೆ ಹೇಳಿ ಸನ್‌ಡ್ಯಾನ್ಸ್ ಉತ್ಸವದಲ್ಲಿ ಪ್ರಶಸ್ತಿ ಪಡೆಯಿತು. ನಿರ್ದೇಶಕ ಪೆರಾಲ್ಟಾ, ಹಿನ್ನೆಲೆ ಧ್ವನಿ ಶಾನ್ ಪೆನ್‌ದು, ಹಣ ವ್ಯಾನ್ಸ್‌ನದು. ಒಳ್ಳೆಯ ಚಿತ್ರವೇ. ಆದರೂ ಚರಿತ್ರೆಯನ್ನು ಅದರಿಂದ ಲಾಭ ಪಡೆಯುವವರೇ ಹೇಳಿಸಿದಾಗ ಸ್ವಲ್ಪ ಹಿಂದೆ ಸರಿದು ಕೂತು ನೋಡುವುದು ಕ್ಷೇಮ.

2004ರಲ್ಲಿ ವಿ.ಎಫ್. ಕಾರ್ಪೊರೇಷನ್ ಎಂಬ ಉಡುಪು ದೈತ್ಯ ವ್ಯಾನ್ಸ್ ಅನ್ನು 39 ಕೋಟಿ 60 ಲಕ್ಷ ಡಾಲರ್‌ಗೆ ಕೊಂಡಿತು. ಹಲಗೆ ಮುಟ್ಟದವರ ಕಾಲಿಗೂ ಶೂ ಏರಿತು. ಬೆಂಗಳೂರಿನ ಕಾಲೇಜುಗಳ ಅಂಗಳದಲ್ಲೂ ಆ ಚೌಕುಳಿ ಕಾಣಿಸತೊಡಗಿತು. ಹಲಗೆ ಮುಟ್ಟುವವರೂ ಇಲ್ಲಿ ಇಲ್ಲದಿಲ್ಲ. ಹೋಲಿಸ್ಟೋಕ್ಡ್ ಎಂಬ ಯುವಕರ ಬಳಗ 2013ರಲ್ಲಿ ಬೆಂಗಳೂರಿನಲ್ಲಿ ಆಟದ ಅಂಗಳ ಕಟ್ಟಿತು. 2021ರಲ್ಲಿ ಟೋಕಿಯೋದಲ್ಲಿ ಸ್ಕೇಟ್‌ಬೋರ್ಡ್ ಮೊದಲ ಬಾರಿಗೆ ಒಲಿಂಪಿಕ್ ಪಂದ್ಯವಾಗಿ, ಜಪಾನಿನ 13 ವರ್ಷದ ಮೊಮಿಜಿ ನಿಶಿಯಾ ಚಿನ್ನ ಗೆದ್ದಳು. ಆ ವರ್ಷವೇ ಮೇ ತಿಂಗಳಲ್ಲಿ ಪಾಲ್ ವ್ಯಾನ್ ಡೋರೆನ್ 90ನೇ ವಯಸ್ಸಿನಲ್ಲಿ ತೀರಿಕೊಂಡ. ಕಂಪನಿಯ ಮಾರಾಟ ಶಿಖರ ಮುಟ್ಟಿ, ಮುಂದಿನ ಕೆಲವು ವರ್ಷ ಕೆಳಗಿಳಿಯುತ್ತ ಹೋಯಿತು.

ಇನ್ನು ಕೋರ್ಟಿನ ಮಾತು. 2022ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಮಿಸ್‌ಚೀಫ್ ಎಂಬ ಕಲಾವಿದರ ಗುಂಪು ‘ವೇವಿ ಬೇಬಿ’ ಎಂಬ ಶೂ ಹೊರತಂದಿತು. ಓಲ್ಡ್ ಸ್ಕೂಲ್ ಮಾದರಿಯನ್ನು ಹೋಲುವಂಥದ್ದು. ಆದರೆ ಅಟ್ಟೆ, ಪಟ್ಟಿ ಎಲ್ಲವೂ ನೀರಿನಲ್ಲಿ ಕಂಡ ಬಿಂಬದಂತೆ ಅಲೆಅಲೆಯಾಗಿ ಡೊಂಕು. ಇದು ಶೂ ಹುಚ್ಚಿನ ವಿಡಂಬನೆ ಎಂದು ಕಲಾವಿದರು. ನಮ್ಮ ಗುರುತಿನ ಕಳವು ಎಂದು ವ್ಯಾನ್ಸ್. ಹುಡುಗರ ಪೆನ್ನಿನ ಚೌಕಗಳನ್ನು ಎತ್ತಿಕೊಂಡು ಬೆಳೆದ ಕಂಪನಿ ಈಗ ತನ್ನ ಗೀಚಿನ ಕಾವಲಿಗೆ ವಕೀಲರನ್ನು ನಿಲ್ಲಿಸಿತ್ತು. ಗಿರಾಕಿಗಳಿಗೆ ಗೊಂದಲವಾಗುತ್ತದೆ ಎಂದು ನ್ಯಾಯಾಲಯ ಮಾರಾಟಕ್ಕೆ ತಡೆ ಕೊಟ್ಟಿತು. 2023ರ ಡಿಸೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಮೊದಲ ತಡೆಯಾಜ್ಞೆ ಬರುವ ಹೊತ್ತಿಗೆ 4,306 ಜೋಡಿ ಮಾರಾಟವಾಗಿ ಹೋಗಿದ್ದವು, ಅದೂ ಒಂದೇ ಗಂಟೆಯಲ್ಲಿ.